ಬಡತನದ ಸ್ಥಳ ತನಿಖೆ

ಬದುವಿನ ಜಗಳ, ಕಾಲುವೆ ನೀರಿನ ಕಳ್ಳತನ, ಸರ್ಕಾರಿ ಹುಣಸೇಮರ ಕಡಿದವರ ಮೇಲಿನ ಮೂಗರ್ಜಿ, ಇಂಥ ಯಾವ ತನಿಖೆಗಾದರೂ ಕಂದಾಯ ಇಲಾಖೆಯ ಶೇಕ್ದಾರ ಶಿವಯ್ಯ ಸಿಳ್ಳೆ ಹಾಕಿಕೊಂಡೇ ಸೈಕಲ್ ಹತ್ತುತ್ತಿದ್ದ. ವರ್ಷಕ್ಕೊಮ್ಮೆ, ಜೂನ್ ತಿಂಗಳಲ್ಲಿ, ಕಾಲೇಜಿನ ಫೀಸು ಮಾಫಿ ಕೋರುವ ಫ್ರೀಶಿಪ್ಪಿನ ಅರ್ಜಿಗಳು ಬಂದಾಗ ಮಾತ್ರ ಅವನು ಹೊರಡದಿರಲು ನೆಪ ಹುಡುಕುತ್ತಿದ್ದ. ಅರ್ಜಿ ಹಾಕಿದವನು ನಿಜವಾಗಿ ಬಡವನೋ ಅಲ್ಲವೋ ಎಂದು ಅವನ ಮನೆಗೇ ಹೋಗಿ, ದನಕರು, ಪಾತ್ರೆಪಗಡ, ದವಸಧಾನ್ಯಗಳನ್ನು ಕಣ್ಣಾರೆ ಕಂಡು, ಊರಿನ ಇಬ್ಬರು ಪಂಚರ ರುಜು ಹಾಕಿಸಿ, ಮಳವಳ್ಳಿ ತಾಲ್ಲೂಕಿನ ಅಮಲ್ದಾರರಿಗೆ ವರದಿ ಕೊಡಬೇಕು. ಅಚ್ಚು ಹಾಕಿಸಿದ ಫಾರಂ, ಹತ್ತು ಕಲಮು. ಹತ್ತನೆಯ ಕಲಮು ‘ತನಿಖಾಧಿಕಾರಿಯ ಅಭಿಪ್ರಾಯ’. ಅಲ್ಲಿ ಶಿವಯ್ಯ ಬರೆದದ್ದೇ ಬ್ರಹ್ಮಲಿಪಿ. ಇವತ್ತಿನ ಅರ್ಜಿ ಹುಣಸೆಕೊಪ್ಪಲಿನ ಕೆಂಪಸಿದ್ದಯ್ಯನದು. ತಂದೆ ಇಲ್ಲ, ತಾಯಿ ಚಿಕ್ಕಬೋರಮ್ಮ. ಹುಡುಗ ಮಂಡ್ಯದ ಹೈಸ್ಕೂಲಿನಲ್ಲಿ ಮೊದಲನೇ ದರ್ಜೆಯಲ್ಲಿ ಪಾಸಾಗಿ, ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ಟಿಗೆ ಸೀಟು ಹಿಡಿದಿದ್ದ. ಸೋಮವಾರದೊಳಗೆ ಮೂವತ್ತಾರು ರೂಪಾಯಿ ಕಟ್ಟಬೇಕು, ಇಲ್ಲವೇ ಮಾಫಿಯ ಹುಕುಂ ತೋರಿಸಬೇಕು. ಎರಡೂ ಇಲ್ಲದಿದ್ದರೆ ಸೀಟು ಇನ್ನೊಬ್ಬನ ಪಾಲಿಗೆ, ಕೆಂಪಸಿದ್ದಯ್ಯ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳ ಹಿಂದೆ. ಇವತ್ತು ಗುರುವಾರ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ವರದಿ ಅಮಲ್ದಾರರ ಮೇಜಿನ ಮೇಲಿರಬೇಕು.

ಕಾಲುವೆ ಏರಿಯ ಮೇಲೆ ಸೈಕಲ್ ತುಳಿಯುತ್ತ ಅವನು ಬೇಕೆಂದೇ ನಿಧಾನ ಮಾಡಿದ. ಎದುರಿಗೆ ಮದ್ದೂರಿನ ಬಸ್ಸು ಬಂತು. ಯುದ್ಧ ಶುರುವಾದ ಮೇಲೆ ಪೆಟ್ರೋಲಿಲ್ಲದೆ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಆ ಬಸ್ಸು ಏರು ಸಿಕ್ಕಿದ ಕೂಡಲೇ ಕೆಮ್ಮಿ ನಿಂತುಬಿಡುತ್ತಿತ್ತು. ಜನ ಇಳಿದು ನೂಕುತ್ತಿದ್ದರು. ‘ಶೇಕ್ದಾರ್ರೇ, ವಸಿ ಕೈ ಹಾಕಿ’ ಎಂದು ಯಾರೋ ಕೂಗಿದರು. ಅವನು ಸೈಕಲ್ಲನ್ನು ಮರಕ್ಕೆ ಒರಗಿಸಿ ಸಂತೋಷದಿಂದ ನೂಕಿದ. ಅಷ್ಟು ಹೊತ್ತು ಕಳೆಯಿತಲ್ಲ! ಹನ್ನೆರಡು ವರ್ಷದ ಹಿಂದೆ, ಇಂಥದೇ ಒಂದು ಬೆಳಿಗ್ಗೆ, ಶಿವಯ್ಯನದೇ ಫ್ರೀಶಿಪ್ಪಿನ ತನಿಖೆಗೆ ಅಧಿಕಾರಿ ಬರುವ ದಿನ, ಯಲಿಯೂರಿನ ಪಕ್ಕದ ಹಳ್ಳಿಯ ಅವರ ಮನೆಯಲ್ಲೂ ಹೀಗೇ ಎಲ್ಲರೂ ಕೈ ಹಾಕಿದ್ದರು. ಅಪ್ಪ ಹುಲ್ಲಿನ ಮೆದೆಯೊಳಗೆ ಬಿಲ ಮಾಡಿ ತಾಮ್ರದ ಹಂಡೆ, ಕಂಚಿನ ತಣಿಗೆಗಳನ್ನು ಒಂದೊಂದಾಗಿ ತುರುಕಿದ. ಎತ್ತುಗಳನ್ನು ದೊಡ್ಡಪ್ಪನ ಕೊಟ್ಟಿಗೆಗೆ ಹೊಡೆದ. ಕೊನೆಗೆ ಅವ್ವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ಈ ಸೀರೇಲಿ ನೀನು ಬಡವಿ ಅಂದ್ರೆ ಯಾವನು ನಂಬಾನು’ ಎಂದ. ಅವ್ವ ಪಕ್ಕದ ಮನೆಯ ಮಂಚಮ್ಮನ ಹತ್ತಿರ ಹೋಗಿ ಅವಳು ಉಟ್ಟಿದ್ದ ಸೀರೆಯನ್ನೇ ಕೇಳಿದಳು. ಮಂಚಮ್ಮನಿಗೆ ಇದ್ದದ್ದೇ ಅದೊಂದು. ಅವಳು ಅದನ್ನು ಬಿಚ್ಚಿಕೊಟ್ಟು, ಅವ್ವನ ಕೆಂಪಂಚಿನ ಸೀರೆ ಉಟ್ಟು, ದಿನವೆಲ್ಲ ಮನೆಯೊಳಗೇ ಕೂತಳು. ಬಂದ ಅಧಿಕಾರಿ ಮುದುಕ. ಹೊಸಿಲ ಮೇಲೆ ಕೂತು ತಲೆಯೆತ್ತಿದವನು ಅವ್ವನ ಹೆಗಲಿನ ಮೇಲಿದ್ದ ಅಂಗೈ ಅಗಲದ ಹರಕು ಕಂಡು ತಟ್ಟನೆ ಕಣ್ಣು ಕಾಗದಕ್ಕಿಳಿಸಿದ. ಅವ್ವ ಆ ಹರಕನ್ನು ಮುಚ್ಚಿಕೊಳ್ಳಲೂ ಆರದೆ ಬಿಡಲೂ ಆರದೆ ನಿಂತಿದ್ದಳು. ಕಂಬದ ಹಿಂದೆ ನಿಂತಿದ್ದ ಶಿವಯ್ಯನಿಗೆ ಫ್ರೀಶಿಪ್ಪು ಸಿಕ್ಕಿತು. ಆ ವರ್ಷ ಆ ಸೀರೆಯ ಮನೆಯಿಂದ, ನಿಜವಾದ ಬಡವಿ ಮಂಚಮ್ಮನ ಮನೆಯಿಂದ, ಯಾರೂ ಅರ್ಜಿ ಹಾಕಿರಲಿಲ್ಲ. ಅಪ್ಪ ಸತ್ತು ಆರು ವರ್ಷವಾಯಿತು. ಶಿವಯ್ಯ ಈ ವಿಷಯ ಯಾರಿಗೂ ಹೇಳಿರಲಿಲ್ಲ, ಕಟ್ಟಿಕೊಂಡ ಹೆಂಡತಿಗೂ ಹೇಳಿರಲಿಲ್ಲ. ಬಸ್ಸು ಹೊಗೆ ಬಿಟ್ಟು ಹೊರಟಾಗ ಅವನ ಬಿಳಿ ಶರಟಿನ ಎದೆಯ ಮೇಲೆ ಇದ್ದಿಲ ಮಸಿ ಕೂತಿತ್ತು.

ಹುಣಸೆಕೊಪ್ಪಲಿನ ಊರಬಾಗಿಲಲ್ಲೇ ಪಟೇಲ ನಿಂಗಯ್ಯ ಕೈಮುಗಿದು ನಿಂತಿದ್ದ. ಅವನ ಜೊತೆಯಲ್ಲಿ, ಹತ್ತಿರದ ದೊಡ್ಡಿ ಊರಿನ ಸಂತೆ ಬೀದಿಯಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಅಸದುಲ್ಲಾ. ಇಬ್ಬರೂ ಇವತ್ತಿನ ಪಂಚರು. ಅವರ ಹಿಂದೆ ನಡೆದು ಚಿಕ್ಕಬೋರಮ್ಮನ ಮನೆ ಮುಂದೆ ಬಂದಾಗ ಶಿವಯ್ಯನಿಗೆ ತಾನು ಬಂದದ್ದು ಬೇರೆ ಮನೆಗಿರಬೇಕು ಅನ್ನಿಸಿತು. ಗೋಡೆಗೆ ಹಸಿಹಸಿ ಸುಣ್ಣ. ಬಾಗಿಲ ಎಡಕ್ಕೆ ಕೊಂಬಿಗೆ ಬಣ್ಣ ಬಳಿದ ಜೋಡಿ ಎತ್ತು, ಬಲಕ್ಕೆ ಎರಡು ಎಮ್ಮೆ. ಪಡಸಾಲೆಯಲ್ಲಿ ಹಾಸಿಗೆ ಹಾಸಿದ ಮಂಚ, ಮೂಲೆಯಲ್ಲಿ ಒಂದರ ಮೇಲೊಂದು ಆರು ಮೂಟೆ, ಗೋಡೆಯುದ್ದಕ್ಕೂ ಹುಣಸೆಹಣ್ಣು ಹಚ್ಚಿ ಬೆಳಗಿದ ಪಾತ್ರೆಗಳ ಸಾಲು. ಎಲ್ಲದರ ನಡುವೆ ಒಂದು ಕುರ್ಚಿ. ಅಂಥ ಊರಿನಲ್ಲಿ ಕುರ್ಚಿ! ಚಿಕ್ಕಬೋರಮ್ಮ ಒಳಗಿನಿಂದ ಬಂದಳು. ನಲವತ್ತರ ಆಸುಪಾಸು, ಬಿಸಿಲಿಗೆ ಬತ್ತಿದ ಮೈ, ಕಬ್ಬಿನ ಸೋಗೆ ಗೀರಿ ಗೀರಿ ಒರಟಾದ ಕೈಗಳು. ಉಟ್ಟದ್ದು ಮಾತ್ರ ಸರಸರ ಸದ್ದು ಮಾಡುವ ಸೀರೆ. ಆ ಸದ್ದಿಗೆ ತಾನೇ ಬೆದರಿದವಳಂತೆ ಹೆಜ್ಜೆ ಹೆಜ್ಜೆಗೂ ನಿಲ್ಲುತ್ತಿದ್ದಳು. ಮಗ ಕೆಂಪಸಿದ್ದಯ್ಯ ಗೋಡೆಗೆ ಅಂಟಿಕೊಂಡಂತೆ ನಿಂತು ನೆಲ ನೋಡುತ್ತಿದ್ದ. ಇದನ್ನೆಲ್ಲ ಒಂದು ಸುತ್ತು ನೋಡಿದ್ದೇ ತಡ, ಶಿವಯ್ಯನ ಹಿಂಜರಿಕೆ ಹಾರಿಹೋಯಿತು. ಓಹೋ, ಇದು ಕಳ್ಳ ಅರ್ಜಿ! ಹುಲ್ಲಿನ ಮೆದೆಗೆ ತುರುಕುವಷ್ಟು ಬುದ್ಧಿಯೂ ಇಲ್ಲದ ಕಳ್ಳರು! ತನ್ನಂಥವರು ಲೋಕದಲ್ಲಿ ಇನ್ನೂ ಇದ್ದಾರೆ ಎಂಬುದು ಅವನಿಗೆ ಎಷ್ಟು ಹಿತವಾಯಿತೆಂದರೆ, ಆ ಹಿತಕ್ಕೆ ಆಮೇಲೆ ನಾಚಿಕೆಪಡಬೇಕಾದೀತು ಎಂದು ಆಗ ಹೊಳೆಯಲಿಲ್ಲ. ಅವನು ಕುರ್ಚಿಯಲ್ಲಿ ಕಾಲು ನೀಡಿ ಕೂತ.

‘ಸ್ವಾಮಿ, ಎಡಗಡೀಕೆ ವಾಲ್ಬೇಡಿ’ ಎಂದ ಅಸದುಲ್ಲಾ. ‘ಆ ಕಾಲು ವಸಿ ಸಡ್ಲ.’

‘ನಿಮಗೆ ಹ್ಯಾಗೆ ಗೊತ್ತು?’

ಅಸದುಲ್ಲಾ ಪಟೇಲನ ಮುಖ ನೋಡಿದ. ‘ನೋಡುದ್ರೆ ಗೊತ್ತಾಯ್ತದಲ್ವಾ ಸ್ವಾಮಿ. ನಂದು ಮೆಕ್ಯಾನಿಕ್ ಕಣ್ಣು.’

ಶಿವಯ್ಯ ಫಾರಂ ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದು, ಅಧಿಕಾರದ ಗಂಟಲಲ್ಲಿ ಕೇಳತೊಡಗಿದ. ಜಮೀನೆಷ್ಟು ಎಂದರೆ ಚಿಕ್ಕಬೋರಮ್ಮ, ‘ಅದೆ ಸ್ವಾಮಿ, ದೇವ್ರು ಕೊಟ್ಟಷ್ಟು’ ಎಂದಳು. ಶಾನುಭೋಗರ ಪುಸ್ತಕದಲ್ಲಿ ಬರೀ ಹದಿನೈದು ಗುಂಟೆ ಹೊಲ ಅಂತಿದೆಯಲ್ಲ ಎಂದರೆ ಪಟೇಲ, ‘ಪುಸ್ತಕ ಯಾವತ್ತೂ ಅಂಗೇಯ. ನೀವು ಮನೆ ನೋಡಿ ಸ್ವಾಮಿ’ ಎಂದ. ಎಮ್ಮೆ ಹಾಲು ಕೊಡುತ್ತವೋ? ‘ಕುಡಿಯೋರಿಲ್ದೆ ಚೆಲ್ತೀವಿ.’ ಮೂಟೆಯಲ್ಲಿ? ‘ಬತ್ತ.’ ಒಂದೊಂದು ಉತ್ತರಕ್ಕೂ ಗೋಡೆಗೆ ಅಂಟಿದ್ದ ಕೆಂಪಸಿದ್ದಯ್ಯ ಇನ್ನಷ್ಟು ಅಂಟಿಕೊಳ್ಳುತ್ತಿದ್ದ. ಬಾಗಿಲಾಚೆ ಇಡೀ ಊರೇ ಉಸಿರು ಬಿಗಿಹಿಡಿದು ನಿಂತಂತಿತ್ತು. ಯಾವಳೋ ಹೆಂಗಸು ತನ್ನ ಮಗುವಿನ ಬಾಯಿಗೆ ಅಂಗೈ ಮುಚ್ಚಿದ್ದಳು. ಶಿವಯ್ಯನಿಗೆ ಒಳಗೊಳಗೇ ಖುಷಿ. ಹತ್ತನೆಯ ಕಲಮಿನ ವಾಕ್ಯ ಆಗಲೇ ಮನಸ್ಸಿನಲ್ಲಿ ಸಿದ್ಧವಾಗಿತ್ತು: ‘ಅರ್ಜಿದಾರನ ಕುಟುಂಬವು ಸಾಕಷ್ಟು ಸ್ಥಿತಿವಂತವಾಗಿ ಕಂಡುಬಂದಿದೆ.’ ಕುರ್ಚಿಯ ಕೆಳಗೆ ಐದಾರು ಕೋಳಿಮರಿಗಳು ಚಿಂವ್ ಚಿಂವ್ ಎನ್ನುತ್ತ ಅವನ ಬೂಟಿನ ಲಾಡಿ ಕುಕ್ಕುತ್ತಿದ್ದವು. ಅವನು ಕಾಲಿನಿಂದ ಅವನ್ನು ಅತ್ತ ಸರಿಸಿದ.

‘ಉಣ್ಣಕ್ಕೆ ಏಳಿ ಸ್ವಾಮಿ’ ಎಂದಳು ಚಿಕ್ಕಬೋರಮ್ಮ. ತನಿಖೆಗೆ ಹೋದ ಮನೆಯಲ್ಲಿ ಉಣ್ಣಬಾರದು ಎಂಬ ನಿಯಮವನ್ನು ಶಿವಯ್ಯ ಉಳಿದ ಶೇಕ್ದಾರರಿಗಿಂತ ಚೆನ್ನಾಗಿ ಪಾಲಿಸುತ್ತಿದ್ದ. ಆದರೆ ಒಳಗಿನಿಂದ ಬಂದ ಕೋಳಿ ಸಾರಿನ ವಾಸನೆಗೆ ನಿಯಮ ತಿಳಿಯದು, ಮೇಲಾಗಿ ಬಸ್ಸು ನೂಕಿದ ಹಸಿವು. ಮಣೆಯ ಮುಂದೆ ಕಂಚಿನ ತಣಿಗೆ, ಅದರಲ್ಲಿ ಹಬೆಯಾಡುವ ರಾಗಿಮುದ್ದೆ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಎರಡು ತುತ್ತು ನುಂಗಿ ಕಣ್ಣು ಮುಚ್ಚಿದ. ಕಣ್ಣು ಬಿಟ್ಟಾಗ ತಣಿಗೆಯ ಅಂಚು ಎದುರಿಗಿತ್ತು. ಪಾತ್ರೆ ಅಂಗಡಿಯವರು ಚುಕ್ಕೆ ಚುಕ್ಕೆಯಾಗಿ ಕೊರೆದುಕೊಡುವ ಅಕ್ಷರಗಳು: ಹೊಂಬಾಳಮ್ಮ. ಇರಲಿ, ಚಿಕ್ಕಬೋರಮ್ಮನ ತಾಯಿಯೋ ಅತ್ತೆಯೋ ಆಗಿರಬಹುದು. ನೀರಿಗೆ ಚೊಂಬೆತ್ತಿದ. ಚೊಂಬಿನ ಕತ್ತಿನಲ್ಲಿ: ಪಟೇಲ್ ನಿಂಗಯ್ಯ. ಚೊಂಬನ್ನು ಹಾಗೇ ಕೆಳಗಿಟ್ಟ. ಗೋಡೆಯ ಸಾಲಿನತ್ತ ಕಣ್ಣು ಹಾಯಿಸಿದ. ಹಂಡೆಯ ಮೇಲೆ ಕರಿಯಪ್ಪ, ಬೋಗುಣಿಯ ಮೇಲೆ ಇನ್ನಾರದೋ ಹೆಸರು, ಇನ್ನೊಂದು ಬೋಗುಣಿಯ ಮೇಲೆ ಯಾವುದೋ ಮದುವೆಯ ತಾರೀಖು. ಎದ್ದು ಹೋಗಿ ಕುರ್ಚಿಯ ಬೆನ್ನು ನೋಡಬೇಕಾಗಿರಲಿಲ್ಲ, ಕೂತಲ್ಲಿಂದಲೇ ಕಾಣುತ್ತಿತ್ತು. ಹಸಿರು ಬಣ್ಣದಲ್ಲಿ ದಪ್ಪಗೆ: ಅಸದುಲ್ಲಾ ಸೈಕಲ್ ಶಾಪ್. ಊರಿಗೆಲ್ಲ ಕನ್ನಡ ಅಕ್ಷರ ಕೂಡಿಸಿ ಓದಲು ಬರುತ್ತಿದ್ದದ್ದು ಒಬ್ಬನಿಗೇ. ಆ ಒಬ್ಬ, ಕೆಂಪಸಿದ್ದಯ್ಯ, ಶಿವಯ್ಯನ ಕಣ್ಣು ಹೋದ ದಾರಿಯಲ್ಲೇ ತಾನೂ ಕಣ್ಣು ಹಾಯಿಸಿ, ಮೆಲ್ಲಗೆ ಬಂದು, ನೀರು ಬಡಿಸುವವನಂತೆ ಬಗ್ಗಿ, ಚೊಂಬಿನ ಹೆಸರನ್ನು ಗೋಡೆಯ ಕಡೆ ತಿರುಗಿಸಿಟ್ಟ. ಅವನ ಕಿವಿಗಳು ಕೆಂಪಗಾಗಿದ್ದವು. ಆ ಕಿವಿಗಳನ್ನು ಶಿವಯ್ಯ ಬಲ್ಲ. ಹನ್ನೆರಡು ವರ್ಷದ ಹಿಂದೆ ಕಂಬದ ಹಿಂದೆ ಉರಿಯುತ್ತಿದ್ದದ್ದು ಇವೇ ಕಿವಿಗಳು. ‘ಇನ್ನೊಂದು ಮುದ್ದೆ ಇಕ್ಕಲಾ ಸ್ವಾಮಿ?’ ಎಂದಳು ಚಿಕ್ಕಬೋರಮ್ಮ. ಮುಖ ಎಲ್ಲಿ ಬಚ್ಚಿಡಬೇಕೆಂದು ತಿಳಿಯದೆ ಶಿವಯ್ಯ ತಣಿಗೆಯನ್ನು ಮುಂದಕ್ಕೆ ಚಾಚಿದ.

ಉಣ್ಣುತ್ತ ಉಣ್ಣುತ್ತ ಎಲ್ಲ ಅರ್ಥವಾಯಿತು, ಅರ್ಥವಾದಂತೆ ನಗು ಒತ್ತಿ ಬಂತು. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುವ ದಿನ ಈ ಸೀಮೆಯ ಊರುಗಳಲ್ಲಿ ಹೀಗೇ ಮಾಡುತ್ತಾರೆ. ಹಿಂದಿನ ಸಂಜೆಯೇ ಊರಿನ ಎತ್ತು, ಎಮ್ಮೆ, ಹಂಡೆ, ಮಂಚ ಎಲ್ಲ ಆ ಮನೆ ಸೇರುತ್ತವೆ. ಬಂದವರಿಗೂ ಗೊತ್ತು, ಅವರೂ ತಮ್ಮೂರಿನಲ್ಲಿ ಅದನ್ನೇ ಮಾಡಿರುತ್ತಾರೆ. ಆದರೂ ಎಮ್ಮೆಯ ಹಲ್ಲು ನೋಡಿ ತಲೆದೂಗಿ ಹೋಗುತ್ತಾರೆ. ಐದು ವರ್ಷದ ಹಿಂದೆ ಮಾವನವರು ಬಂದಾಗ ಶಿವಯ್ಯನ ಮನೆಯಲ್ಲೂ ಒಂಬತ್ತು ಎಮ್ಮೆ ಕಟ್ಟಿದ್ದರು. ಅಂದು ಮಾವನವರು ಗಂಭೀರವಾಗಿ, ‘ಇಷ್ಟಕ್ಕೆಲ್ಲಾ ಹುಲ್ಲು ಎಲ್ಲಿಂದ ತರ್ತೀರಿ?’ ಎಂದು ಕೇಳಿದ್ದರು. ಈಗ ಸರ್ಕಾರದವರು ಚಿಕ್ಕಬೋರಮ್ಮನ ಮನೆ ನೋಡಲು ಬರುತ್ತಾರೆ ಎಂದರೆ ಊರು ಸುಮ್ಮನಿದ್ದೀತೇ? ತಮ್ಮ ಹುಡುಗನಿಗೆ ಕಾಲೇಜು ಗೊತ್ತು ಮಾಡುವ ದಿನ! ಅವರು ಬಡತನವನ್ನು ಮರೆಮಾಚುವ ಕೆಲಸವನ್ನು ಮೈಮುರಿದು ಮಾಡಿದ್ದರು, ಕೆಂಪಸಿದ್ದಯ್ಯನ ಸೀಟಿಗೆ ಅದೇ ಕಲ್ಲು ಹಾಕುತ್ತದೆ ಎಂದು ಅವನ ಹೊರತು ಯಾರಿಗೂ ಹೊಳೆದಿರಲಿಲ್ಲ.

ಕೈ ತೊಳೆದು ಬಂದು ಶಿವಯ್ಯ ಕುರ್ಚಿಯಲ್ಲಿ, ಈ ಸಲ ಬಲಕ್ಕೆ ವಾಲಿ, ಕೂತ. ‘ಪಟೇಲರೇ, ಇದರಲ್ಲಿ ಯಾವುದು ಯಾರದು ಹೇಳಿ. ಹಾಗೇ ಬರೆದುಕೊಳ್ಳುತ್ತೇನೆ.’

‘ಎಲ್ಲಾ ಬೋರಮ್ಮುಂದೇಯ.’

‘ಚೊಂಬಿನ ಮೇಲೆ ನಿಮ್ಮ ಹೆಸರಿದೆ.’

ನಿಂಗಯ್ಯ ಚೊಂಬನ್ನು ಮೊದಲ ಸಲ ಕಂಡವನಂತೆ ನೋಡಿದ. ‘ಇದ್ದಾತು ಸ್ವಾಮಿ. ಊರೋರ ಎಸ್ರು ಊರಲ್ಲಿರ್ದೆ ಎಲ್ಲೋಯ್ತದೆ?’

‘ಅವ್ವ, ಸಾಕು ಬುಡವ್ವ’ ಎಂದ ಕೆಂಪಸಿದ್ದಯ್ಯ, ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದು. ‘ನಾನು ಬಡ್ಕೊಂಡೆ. ಫೀಸು ಬಿಡೋದು ಬಡವ್ರಿಗೆ ಮಾತ್ರ ಕಣವ್ವ.’

‘ಬಡವ್ರಿಗಾ?’ ಚಿಕ್ಕಬೋರಮ್ಮ ಮಗನ ಕಡೆ ತಿರುಗಿದಳು. ಸೀರೆ ಸರ್ ಎಂದಿತು. ‘ಬಡವ್ರಿಗೆ ಯಾವನ್ಲಾ ಏನ್ಲಾ ಕೊಟ್ಟವ್ನೆ, ಇಲ್ಲೀಗಂಟ? ನಿಮ್ಮಪ್ಪ ಸತ್ತಾಗ ಒಂದು ಪಲ್ಲ ರಾಗಿ ಕೇಳಕ್ಕೋದ್ರೆ, ನಿನ್ ತಾವ ಏನದೆ ಅಂತ್ಲೇ ಕೇಳುದ್ದು. ಇಲ್ದೋರ್ಗೆ ಇಲ್ಲ ಅಂತ್ಲೇ ಅನ್ನಾದು. ಸರ್ಕಾರ ಏನು ನಿಮ್ಮ ಸೋದರ ಮಾವನಾ?’

ಶಿವಯ್ಯನ ಪೆನ್ನು ಕಾಗದದ ಮೇಲೆ ನಿಂತು ಒಂದು ಶಾಯಿ ಚುಕ್ಕೆ ಬಿಟ್ಟಿತು. ಅವಳ ಮಾತಿನಲ್ಲಿ ತಪ್ಪು ಎಲ್ಲಿದೆ ಎಂದು ಅವನು ಹುಡುಕಿದ, ಸಿಗಲಿಲ್ಲ. ಆದರೆ ಪಂಚರು ಬಾಯಿ ಬಿಡದೆ ವರದಿ ಇಲ್ಲ. ಪಂಚರು ಬಾಯಿ ಬಿಟ್ಟರೆ ಬಂದ ಅತಿಥಿಯ ಎದುರು ಚಿಕ್ಕಬೋರಮ್ಮನ ಮಾನ ಹೋಗುತ್ತದೆ. ಕೊಟ್ಟವರು ಕೊಟ್ಟೆವು ಅನ್ನಕೂಡದು, ಅದು ಊರಿನ ಕಟ್ಟು. ಪಟೇಲ ಕಂಬ ನೋಡುತ್ತಿದ್ದ. ಅಸದುಲ್ಲಾ ಕುರ್ಚಿಯ ಕಾಲು ನೋಡುತ್ತಿದ್ದ. ಅಷ್ಟರಲ್ಲಿ ಹೊರಗಿನ ಎರಡು ಎಮ್ಮೆಗಳಲ್ಲಿ ಒಂದಕ್ಕೆ ತನ್ನ ಕರುವಿನ ನೆನಪಾಗಿರಬೇಕು. ಹಗ್ಗ ಜಗ್ಗಿ, ಗೂಟ ಕಿತ್ತು, ಗೂಟವನ್ನೂ ಎಳೆದುಕೊಂಡು, ಜನರ ಮಧ್ಯೆ ದಾರಿ ಮಾಡಿಕೊಂಡು, ನೆಟ್ಟಗೆ ಎದುರಿನ ಪಟೇಲನ ಕೊಟ್ಟಿಗೆಗೆ ಹೋಗಿ ಒಂದು ಸಲ ಕೂಗಿ ನಿಂತುಕೊಂಡಿತು. ‘ಅದು ಅಂಗೇಯ ಸ್ವಾಮಿ, ನೆಂಟಸ್ತನ ಜಾಸ್ತಿ’ ಎಂದ ನಿಂಗಯ್ಯ. ಬಾಗಿಲಾಚೆ ಮಗುವಿನ ಬಾಯಿ ಮುಚ್ಚಿದ್ದ ಹೆಂಗಸೇ ಮೊದಲು ನಕ್ಕಳು. ಆಮೇಲೆ ಊರಿಗೂರೇ ನಕ್ಕಿತು. ಅಸದುಲ್ಲಾ ಹೊಟ್ಟೆ ಹಿಡಿದುಕೊಂಡು ಕೂತೇಬಿಟ್ಟ. ಕೆಂಪಸಿದ್ದಯ್ಯನ ಮುಖದಲ್ಲೂ ಏನೋ ಸಡಿಲವಾಯಿತು. ನಗದೆ ಉಳಿದವಳು ಚಿಕ್ಕಬೋರಮ್ಮ ಒಬ್ಬಳೇ. ಅವಳು ಆ ಸರಸರ ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಮುದುರಿ ಹಿಡಿದಿದ್ದಳು. ಮುಚ್ಚಿಕೊಳ್ಳಲೂ ಆರದೆ ಬಿಡಲೂ ಆರದೆ ನಿಂತ ಆ ನಿಲುವನ್ನು ಶಿವಯ್ಯ ಹಿಂದೊಮ್ಮೆ ಕಂಡಿದ್ದ. ಹನ್ನೆರಡು ವರ್ಷ ಹೆಂಡತಿಗೂ ಹೇಳದ ಮಾತು ಅವನ ಬಾಯಿಂದ ತಾನಾಗಿ ಬಿತ್ತು.

‘ನಮ್ಮನೇಲಿ ಹಿಂಗಲ್ಲ ಕಣಮ್ಮ’ ಎಂದ. ಅಧಿಕಾರದ ಗಂಟಲು ಎಲ್ಲೋ ಹೋಗಿ ಮನೆಯ ಮಾತೇ ಬಂದಿತ್ತು. ‘ನಾನೂ ಇದೇ ಫ್ರೀಶಿಪ್ಪಲ್ಲಿ ಓದ್ದೋನು. ನಮ್ಮಲ್ಲಿ ಇತ್ತು. ಇದ್ದುದ್ನೆಲ್ಲ ಹುಲ್ಲಿನ ಮೆದೇಲಿ ಬಚ್ಚಿಟ್ವಿ. ನಮ್ಮವ್ವ ಪಕ್ಕದ ಮನೆಯೋಳ ಹರಕಲು ಸೀರೆ ಈಸ್ಕಂಡು ಉಟ್ಕಂಡು ನಿಂತಿದ್ಲು. ನಾನು ನೋಡ್ಕಂಡು ಸುಮ್ನಿದ್ದೆ.’

ನಗು ನಿಂತಿತು. ಸರ್ಕಾರದ ಮನುಷ್ಯ ಹೀಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಶಿವಯ್ಯನಿಗೆ ಕುರ್ಚಿಯ ಸಡಿಲ ಕಾಲು ಈಗಲೇ ಮುರಿದು ತನ್ನನ್ನು ನೆಲಕ್ಕೆ ಕೆಡವಿದರೆ ಚೆನ್ನಾಗಿತ್ತು ಅನ್ನಿಸಿತು. ಚಿಕ್ಕಬೋರಮ್ಮ ಅವನ ಕಡೆ ತಿರುಗಿದಳು. ಬೈಯುವಳೋ, ಮುಖ ತಿರುಗಿಸುವಳೋ!

‘ಆ ಸೀರೆ ವಾಪಸ್ ಕೊಟ್ರಾ?’ ಎಂದು ಕೇಳಿದಳು.

‘ಆ?’

‘ಪಕ್ಕದ ಮನೆಯೋಳ ಸೀರೆ. ವಾಪಸ್ ಕೊಟ್ರಾ ಇಲ್ವಾ?’

‘ಕೊಟ್ವಿ. ಅವತ್ತೇ ಸಂಜೆ.’

‘ಅಂಗಾರೆ ಸರಿ ಬುಡಿ’ ಎಂದಳು ಚಿಕ್ಕಬೋರಮ್ಮ. ಮುಖ ಹಗುರವಾಗಿತ್ತು. ‘ಈಸ್ಕಂಡಿದ್ದ ವಾಪಸ್ ಕೊಟ್ಮೇಲೆ ಅದ್ರಲ್ಲಿ ನಾಚ್ಕೆ ಏನು ಬಂತು? ನಾನೂ ಒತ್ತು ಮುಳುಗೋದ್ರೊಳ್ಗೆ ಎಲ್ಲಾ ಕೊಟ್ಬುಡ್ತೀನಿ. ಬರ್ಕಳಿ. ಲೋ ನಿಂಗಣ್ಣ, ಯಾರ್ದು ಯಾವುದು ಯೋಳು. ಅಸದುಲ್ಲಾ, ನೀನು ನಿನ್ನ ಕುರ್ಚಿ ಯೋಳ್ಕಂಡು ಬುಡಪ್ಪ, ಆಗ್ಲಿಂದ ಬೇಯ್ತಾ ಇದ್ದೀಯ.’

ಆಮೇಲೆ ಪಡಸಾಲೆಯಲ್ಲಿ ನಡೆದದ್ದು ತನಿಖೆಯಲ್ಲ, ಸಂತೆ. ಪಟೇಲ ಒಂದು ಹೇಳಿದರೆ ಬಾಗಿಲಾಚೆಯಿಂದ ನಾಲ್ಕು ದನಿ. ಹಂಡೆ ಕರಿಯಪ್ಪನದು, ಆದರೆ ಅದರ ಹಿಡಿಕೆಯ ಬಳೆ ಹೊಂಬಾಳಮ್ಮನದು. ಮಂಚ ಒಂದು ಮನೆಯದು, ಹಾಸಿಗೆ ಇನ್ನೊಂದು ಮನೆಯದು. ಆರು ಮೂಟೆಯಲ್ಲಿ ಮೇಲಿನದು ಭತ್ತ, ಕೆಳಗಿನ ಐದೂ ಹೊಟ್ಟು. ಸುಣ್ಣವೂ ಸಾಲದ್ದೇ, ಅದನ್ನು ಮಾತ್ರ ಹೇಗೆ ವಾಪಸು ಕೊಡುವುದೆಂದು ಒಬ್ಬ ಕೇಳಿದ. ಶಿವಯ್ಯ ಕೇಳಿ ಕೇಳಿ ಬರೆದ. ಪಟೇಲ ತಾನು ಕಲಿತಿದ್ದ ಒಂದೇ ಬರಹ, ತನ್ನ ರುಜು, ಹಾಕಿದ. ಅಸದುಲ್ಲಾ ಉರ್ದುವಿನಲ್ಲಿ ಹಾಕಿದ. ಚಿಕ್ಕಬೋರಮ್ಮ ಹೆಬ್ಬೆಟ್ಟೊತ್ತಿ, ಮಸಿಯನ್ನು ಸೀರೆಗೆ ಒರೆಸಲು ಹೋದವಳು ಇದು ಇನ್ನೊಬ್ಬರದೆಂದು ನೆನೆದು ಕಂಬಕ್ಕೆ ಒರೆಸಿದಳು. ಹತ್ತನೆಯ ಕಲಮು ಖಾಲಿ ಉಳಿಯಿತು. ‘ಅದು ನಾನು ಮನೇಲಿ ಬರೀತೀನಿ’ ಎಂದ ಶಿವಯ್ಯ. ಕೆಂಪಸಿದ್ದಯ್ಯ ಸೈಕಲ್ ಹಿಡಿದುಕೊಂಡು ಊರಬಾಗಿಲವರೆಗೂ ಬಂದ. ಏನನ್ನೋ ಕೇಳಬೇಕೆಂದಿದ್ದ. ಕೊನೆಗೆ ಕೇಳಿದ್ದು, ‘ಸಾರ್, ಆಗ ಕಾಲೇಜಲ್ಲಿ ನಿಮಗೆ ಇದು ನೆನಪಾಗ್ತಿತ್ತಾ?’ ‘ಪರೀಕ್ಷೆ ಟೈಮಲ್ಲಿ ಆಗ್ತಿರಲಿಲ್ಲ’ ಎಂದ ಶಿವಯ್ಯ. ಇಬ್ಬರೂ ನಕ್ಕರು.

ಏರಿಯ ಮೇಲೆ ಗಾಳಿ ಹಿಂದಿನಿಂದ ನೂಕುತ್ತಿತ್ತು. ಸೈಕಲ್ ತಾನಾಗಿ ಓಡುತ್ತಿತ್ತು, ಮನಸ್ಸು ಮಾತ್ರ ಮತ್ತೆ ಹಿಂದಕ್ಕೆ ಜಗ್ಗಿತು. ಅವತ್ತೇ ಸಂಜೆ ಕೊಟ್ಟೆವು ಎಂದನಲ್ಲ, ಅದು ಅವನಿಗೆ ಹೇಗೆ ಗೊತ್ತು? ಮಂಚಮ್ಮ ಸಂಜೆ ಹಿತ್ತಲ ಬಾಗಿಲಿಂದ ಬಂದದ್ದು ನೆನಪಿದೆ. ಇಬ್ಬರು ಹೆಂಗಸರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ? ಅವನು ಮೈಸೂರಿನ ಕನಸಿನಲ್ಲಿ ಮೆದೆಯಿಂದ ಹಂಡೆ ಈಚೆಗೆ ಎಳೆಯುತ್ತಿದ್ದ. ಕೊಟ್ಟಿರದಿದ್ದರೆ? ಒಂದು ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಇಟ್ಟು ಆ ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡಂತಾಯಿತಲ್ಲ. ಹೀಗೆ ಕಳ್ಳತನದಿಂದ ಓದಿದವನು ಇನ್ನೊಬ್ಬನ ಬಡತನ ನಿಜವೆಂದು ಬರೆದರೆ ಆ ಬರಹಕ್ಕೆ ಬೆಲೆಯೇನು ಎಂದುಕೊಳ್ಳುತ್ತ, ಮಳವಳ್ಳಿಯ ಬೀದಿಯಲ್ಲಿ ಎರಡು ಸಲ ಮನೆ ದಾಟಿ ಹೋಗಿ ವಾಪಸು ಬಂದ.

ಹೊತ್ತು ಇನ್ನೂ ಮುಳುಗಿರಲಿಲ್ಲ. ಅವ್ವ ಪಟ್ಟಲಮ್ಮ ಜಗುಲಿಯ ಮೇಲೆ ಅವರೆಕಾಳು ಹಸನು ಮಾಡುತ್ತ ಕೂತಿದ್ದಳು. ಅವಳ ಕೋಳಿಗಳು ಸುತ್ತ ಕೆದಕುತ್ತಿದ್ದವು. ಶಿವಯ್ಯ ಸೈಕಲ್ ನಿಲ್ಲಿಸುವುದಕ್ಕೂ ಮೊದಲೇ ಕೇಳಿದ: ‘ಅವ್ವ, ಮಂಚಮ್ಮನ ಸೀರೆ ವಾಪಸ್ ಕೊಟ್ಯಾ?’

‘ಯಾವ ಸೀರೆ ಕಣ್ಲಾ?’

‘ನನ್ನ ಫ್ರೀಶಿಪ್ಪಿಗೆ ಉಟ್ಕಂಡಿದ್ಯಲ್ಲ, ಅದು.’

ಪಟ್ಟಲಮ್ಮ ಮೊರ ಕೆಳಗಿಟ್ಟಳು. ‘ಅಯ್ಯೋ ನಿನ್ನ, ಅದಾ? ನಾನು ಕೊಟ್ಟೆ ಕಣ್ಲಾ. ಅವ್ಳೇ ನಂದು ಕೊಡ್ನಿಲ್ಲ!’ ಎಂದು ನಗತೊಡಗಿದಳು. ‘ಸಂಜೆ ಬಂದ್ಲು. ಬಂದು, ಪಟ್ಟಕ್ಕ, ಇದು ನಂಗೆ ಚೆಂದಾಗಿ ಕಾಣ್ತದೆ ಕಣೆ ಅಂದ್ಲು. ನಿಜವಾಗ್ಲೂ ಚೆಂದಾಗೇ ಕಾಣ್ತಿತ್ತು. ಇಟ್ಕೊ ಓಗು ಅಂದೆ. ಇಬ್ರೂ ನಕ್ಕಿದ್ದೇ ನಕ್ಕಿದ್ದು. ಈಗ್ಲೂ ಅಬ್ಬ ಬಂದ್ರೆ ಅದ್ನೇ ಉಟ್ಕಂಡು ಊರೆಲ್ಲಾ ತಿರುಗ್ತಾಳೆ. ಸಿವಯ್ಯ ಓದಿದ್ದು ನನ್ನ ಹಳೇ ಸೀರೆಯಿಂದ ಅಂತ ಕಂಡೋರ್ಗೆಲ್ಲಾ ಯೋಳ್ತಾಳೆ. ಊರೋರು ಅದಕ್ಕೆ ಕಾಲೇಜು ಸೀರೆ ಅಂತ್ಲೇ ಎಸ್ರು ಮಡಗವ್ರೆ.’

‘ಊರಿಗೆಲ್ಲಾ ಗೊತ್ತಾ?’

‘ನಿನ್ನೆಂಡ್ತಿಗೂ ಗೊತ್ತು. ನಿಂಗೊಬ್ನಿಗೇ ಅದು ಗುಟ್ಟು.’

ಶಿವಯ್ಯ ಜಗುಲಿಯ ಅಂಚಿನಲ್ಲಿ ಕೂತುಬಿಟ್ಟ. ಹೌದು, ನಕ್ಕಿದ್ದರು. ಮುಚ್ಚಿದ ಬಾಗಿಲ ಹಿಂದಿನಿಂದ ಬಂದ ಆ ನಗು ಅವನಿಗೆ ಅವತ್ತೇ ಕೇಳಿಸಿತ್ತು. ಹನ್ನೆರಡು ವರ್ಷ ಹರಕನ್ನು ಮಾತ್ರ ನೆನಪಿಟ್ಟುಕೊಂಡು ನಗುವನ್ನು ಮರೆತುಬಿಟ್ಟಿದ್ದ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎದೆಯೊಳಗಿನಿಂದ ಹಳೆಯ ಗಾಳಿಯೆಲ್ಲ ಹೊರಗೆ ಹೋದಂತಾಗಿ ಅವನಿಗೆ ತುಂಬ ಸಂತೋಷವಾಯಿತು. ಅವ್ವನಿಗೆ ಹುಣಸೆಕೊಪ್ಪಲಿನ ಎಲ್ಲವನ್ನೂ ಹೇಳಿದ. ಎಮ್ಮೆ ಮನೆಗೆ ಹೋದದ್ದು ಹೇಳಿದಾಗ ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಫಾರಂ ಬಿಚ್ಚಿ ಪಟ್ಟಿಯನ್ನು ಓದಿಹೇಳಿದ: ತಣಿಗೆ ಹೊಂಬಾಳಮ್ಮನದು, ಚೊಂಬು ನಿಂಗಯ್ಯನದು, ಕುರ್ಚಿ ಅಸದುಲ್ಲಾನದು.

‘ಉಂಡಿದ್ದೇನು?’ ಎಂದಳು ಪಟ್ಟಲಮ್ಮ.

‘ಮುದ್ದೆ, ಕೋಳಿ ಸಾರು. ಎರಡು ಮುದ್ದೆ ಉಂಡೆ.’

‘ಕೋಳಿ ಯಾರ್ದು?’

ಶಿವಯ್ಯ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದ. ಅಂಗಳದಲ್ಲಿ ಅಷ್ಟು ಜನ ಅಷ್ಟು ಗಲಾಟೆ ಮಾಡಿ ಬಳೆಗೆ, ಹೊಟ್ಟಿಗೆ, ಸುಣ್ಣಕ್ಕೆ ಕೂಡ ತಕರಾರು ತೆಗೆದಿದ್ದರು. ಕೋಳಿ ನನ್ನದು ಎಂದು ಮಾತ್ರ ಯಾರೂ ಅಂದಿರಲಿಲ್ಲ. ಬೂಟಿನ ಲಾಡಿ ಕುಕ್ಕುತ್ತಿದ್ದ ಐದಾರು ಮರಿಗಳು ನೆನಪಾದವು. ತಾಯಿಯಿಲ್ಲದ ಮರಿಗಳು. ಅವನ್ನು ಕಾಲಿನಿಂದ ಸರಿಸಿದ್ದ. ಆ ಮನೆಯಲ್ಲಿ ಆ ಹೆಂಗಸಿನದೇ ಆಗಿದ್ದ ವಸ್ತು ಯಾವುದು ಎಂದು ಅವನು ಪಟ್ಟಿ ತುಂಬ ಹುಡುಕಿದ್ದೇನು, ಅದು ತಣಿಗೆಯಲ್ಲೇ ಇತ್ತು. ಅವನು ಇನ್ನೊಂದು ಸಲ ಬಡಿಸಿಕೊಂಡಿದ್ದ.

ಅವ್ವ ಅವನ ಮುಖ ನೋಡಿದಳು. ಕೈ ಚಾಚಿ, ಸುತ್ತ ಕೆದಕುತ್ತಿದ್ದ ಕೋಳಿಗಳಲ್ಲಿ ಒಂದನ್ನು ಹಿಡಿದು, ರೆಕ್ಕೆ ಮಡಿಸಿ, ಬುಟ್ಟಿಯ ಕೆಳಗೆ ಕವುಚಿದಳು. ‘ನಾಳೆ ಕಚೇರಿಯಿಂದ ಅಂಗೇ ತಗಂಡೋಗಿ ಕೊಡು. ಮರಿ ಕಾಯ್ತದೆ ಇದು, ಒಳ್ಳೇ ಗುಣ’ ಎಂದಳು. ಶಿವಯ್ಯ ಪೆನ್ನಿನ ಮುಚ್ಚಳ ತೆಗೆದು, ಫಾರಮ್ಮನ್ನು ತೊಡೆಯ ಮೇಲಿಟ್ಟುಕೊಂಡು, ಹತ್ತನೆಯ ಕಲಮಿನಲ್ಲಿ ಒಂದೇ ಉಸಿರಿಗೆ ಬರೆದ: ‘ಮೇಲ್ಕಂಡ ವಸ್ತುಗಳೆಲ್ಲ ಗ್ರಾಮಸ್ಥರಿಗೆ ಸೇರಿದವು. ಅರ್ಜಿದಾರನ ತಾಯಿಯ ಸ್ವಂತ ಆಸ್ತಿ ಹದಿನೈದು ಗುಂಟೆ ಹೊಲ ಮತ್ತು ಕೋಳಿ ಒಂದು. ಅರ್ಜಿದಾರನಿಗೆ ಫ್ರೀಶಿಪ್ ಅವಶ್ಯ ಕೊಡತಕ್ಕದ್ದು.’ ರುಜು ಹಾಕಿ, ತಾರೀಖು ಹಾಕಿ, ಶಾಯಿ ಆರಲೆಂದು ಊದುತ್ತಿದ್ದವನು, ಅಮಲ್ದಾರರು ಬೈದರೆ ಬೈಯಲಿ ಎಂದುಕೊಂಡು, ರುಜುವಿನ ಕೆಳಗೆ ಇನ್ನೊಂದು ಸಾಲು ಸೇರಿಸಿದ: ‘ಸದರಿ ಕೋಳಿಯು ತನಿಖೆಯ ಕಾಲದಲ್ಲಿ ತನಿಖಾಧಿಕಾರಿಯಿಂದ ಖರ್ಚಾಗಿದೆ.’